ಬಾರಹಕನ್ಯಾಪುರದಲ್ಲಿ ಅರ್ಧ ದಿನ

ಹೂಡೆಯಲ್ಲಿ ಮನೆ ಮಾಡಿಕೊಂಡು ನನಗೆ ಇಪ್ಪತ್ತೆರಡು ವರ್ಷಗಳಾದವು. ಮನೆಯ ಮುಂದಿನ ದಾರಿಯಲ್ಲಿ ನೇರ ಉತ್ತರಕ್ಕೆ ಹೋದರೆ ಎಡಕ್ಕೆ ಕಡಲು, ಬಲಕ್ಕೆ ಹೊಳೆ. ನಡುವಿನ ಮರಳುಪಟ್ಟಿ ಮುಗಿಯುವಲ್ಲಿ ಕೋಡಿಬೆಂಗ್ರೆ. ಸ್ವರ್ಣಾ ಮತ್ತು ಸೀತಾ ನದಿಗಳು ಅಲ್ಲಿ ಕೂಡಿ ಕಡಲನ್ನು ಸೇರುತ್ತವೆ. ಅಳಿವೆಯ ಆಚೆಯ ದಡ ಹಂಗಾರಕಟ್ಟೆ. ಅಲ್ಲಿಂದ ಒಳನಾಡಿಗೆ ಕೆಲವೇ ಕಿಲೋಮೀಟರು ಸಾಗಿದರೆ ಬಾರ್ಕೂರು.

ಈ ಬಾರ್ಕೂರಿನ ಹೆಸರನ್ನು ನಾನು ತರಗತಿಯಲ್ಲಿ ಎಷ್ಟು ಬಾರಿ ಉಚ್ಚರಿಸಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ಆಳುಪರ ರಾಜಧಾನಿ, ವಿಜಯನಗರದ ಕಾಲದ ಬಾರಕೂರು ರಾಜ್ಯದ ಕೇಂದ್ರ, ಶಾಸನಗಳ ಬಾರಹಕನ್ಯಾಪುರ ಎಂದು ಕರಿಹಲಗೆಯ ಮೇಲೆ ಬರೆದು ಕೆಳಗೊಂದು ಗೆರೆ ಎಳೆದಿದ್ದೇನೆ. ಆದರೆ ಆ ಊರಿನ ಕೇರಿಗಳಲ್ಲಿ ನಾನು ನಡೆದಾಡಿರಲಿಲ್ಲ. ಮದುವೆಯೊಂದಕ್ಕೆ ಹೋಗಿ ಊಟ ಮುಗಿಸಿ ಬಂದದ್ದುಂಟು; ಬಸ್ಸಿನ ಕಿಟಕಿಯಿಂದ ನೋಡಿದ್ದುಂಟು. ಕಾರ್ಕಳ, ಮೂಡುಬಿದಿರೆ, ವರಂಗಗಳಿಗೆ ವಿದ್ಯಾರ್ಥಿಗಳನ್ನು ಪ್ರತಿವರ್ಷ ಕರೆದೊಯ್ಯುವ ನಾನು ಹೊಳೆಯಾಚೆಯ ಬಾರ್ಕೂರನ್ನು ಬಿಟ್ಟದ್ದಕ್ಕೆ ಕಾರಣವನ್ನೂ ಯೋಚಿಸಿರಲಿಲ್ಲ. ಕಾರ್ಕಳದಲ್ಲಿ 1432ರಲ್ಲಿ ನಿಂತ 42 ಅಡಿಯ ಬಾಹುಬಲಿಯಿದ್ದಾನೆ. ಮೂಡುಬಿದಿರೆಯಲ್ಲಿ ಸಾವಿರ ಕಂಬಗಳಿವೆ. ಬಾರ್ಕೂರಿನಲ್ಲಿ ದೂರದಿಂದ ಕಾಣುವಂಥದ್ದು ಏನೂ ಇಲ್ಲ. ನೋಡಲು ಏನಿದೆ ಎಂದು ಯಾರಾದರೂ ಕೇಳಿದರೆ ಕೊಡಬಹುದಾದ ಉತ್ತರ ನನ್ನಲ್ಲಿರಲಿಲ್ಲ.

ಕಳೆದ ಡಿಸೆಂಬರಿನಲ್ಲಿ ಈ ಪ್ರಶ್ನೆಯನ್ನು ಕೇಳಿದವನು ನನ್ನ ಅಕ್ಕನ ಮಗ. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಅವನಿಗೆ ಕೆಲಸ. ಕಾರ್ಕಳದ ಕಡೆಯ ನಮ್ಮ ಕುಟುಂಬದ ಮನೆಯ ಪಾಲು ಮುಗಿಸಿ ದಸ್ತಾವೇಜಿಗೆ ಸಹಿ ಹಾಕಲೆಂದು ಹತ್ತು ದಿನದ ರಜೆಯಲ್ಲಿ ಬಂದಿದ್ದ. ಅಕ್ಕ ತೀರಿಕೊಂಡು ಎರಡು ವರ್ಷವಾಗಿತ್ತು. ಆ ಮನೆಯಲ್ಲಿ ಈಗ ಯಾರೂ ಇಲ್ಲ; ಮಾಡು ಸೋರುತ್ತದೆ; ಪಾಲಾಗಿ ಮಾರಾಟವಾಗುವುದೇ ಸರಿಯೆಂದು ಎಲ್ಲರೂ ಒಪ್ಪಿದ್ದರು.

ಅವನು ವಾಸಿಸುವ ಊರಿನ ಬಗ್ಗೆ ನನಗೆ ತಿಳಿದಿದ್ದುದು ಒಂದೇ ಸಂಗತಿ. ಟಿ. ಎಸ್. ಎಲಿಯಟ್ 1888ರಲ್ಲಿ ಹುಟ್ಟಿದ ಊರು ಅದು. ನವ್ಯಕಾವ್ಯದ ಪಾಠ ಹೇಳುವವನಿಗೆ ಅಷ್ಟು ಸಾಕೆಂದುಕೊಂಡಿದ್ದೆ. ಅಳಿಯ ನಕ್ಕು ಹೇಳಿದ: "ಮಾವ, ಅಮೆರಿಕಕ್ಕೆ ಬಂದವರು ನ್ಯೂಯಾರ್ಕ್ ನೋಡುತ್ತಾರೆ, ನಯಾಗರ ನೋಡುತ್ತಾರೆ. ನಮ್ಮ ಊರಿಗೆ ಯಾರೂ ಬರುವುದಿಲ್ಲ. ಬಂದವರು ನದಿಯ ದಡದ ಕಮಾನಿನ ಕೆಳಗೆ ಫೋಟೋ ತೆಗೆದುಕೊಂಡು ಹೊರಡುತ್ತಾರೆ. ಆದರೆ ನದಿ ದಾಟಿ ಸ್ವಲ್ಪ ದೂರ ಹೋದರೆ ಕಹೋಕಿಯಾ ಎಂಬ ಜಾಗವಿದೆ. ಬಿಳಿಯರು ಕಾಲಿಡುವ ಎಷ್ಟೋ ಶತಮಾನಗಳ ಹಿಂದೆ ಅಲ್ಲಿ ದೊಡ್ಡ ನಗರವಿತ್ತು. ಈಗ ಹುಲ್ಲು ಬೆಳೆದ ಮಣ್ಣಿನ ದಿಬ್ಬಗಳು ಮಾತ್ರ. ನನಗೆ ಆ ಊರಿನಲ್ಲಿ ಬಹಳ ಇಷ್ಟವಾದದ್ದು ಅದು. ನಿಮ್ಮ ಹತ್ತಿರ ಅಂಥದ್ದೇನಾದರೂ ಉಂಟೆ?"

ಕಹೋಕಿಯಾದ ವಿವರಗಳನ್ನು ಆಮೇಲೆ ಓದಿಕೊಂಡೆ. ಮಿಸಿಸಿಪಿ ನದಿಯ ಪೂರ್ವದಲ್ಲಿ, ಕ್ರಿ.ಶ. 1050ರಿಂದ 1350ರವರೆಗೆ ಬೆಳೆದು ಕರಗಿದ ನಗರ ಅದು. ಉಚ್ಛ್ರಾಯದಲ್ಲಿ ಹತ್ತು ಸಾವಿರಕ್ಕೂ ಮೀರಿ ಜನರಿದ್ದರೆಂದು ಪುರಾತತ್ತ್ವಜ್ಞರ ಅಂದಾಜು. ಅತಿ ದೊಡ್ಡ ದಿಬ್ಬ ಸುಮಾರು ನೂರು ಅಡಿ ಎತ್ತರವಿದೆ. 1982ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಅದನ್ನು ಕಟ್ಟಿದವರು ಬರವಣಿಗೆ ಬಿಟ್ಟುಹೋಗಲಿಲ್ಲ. ಕಹೋಕಿಯಾ ಎಂಬ ಹೆಸರು ಕೂಡ ಬಹಳ ತಡವಾಗಿ ಆ ಪ್ರದೇಶದಲ್ಲಿದ್ದ ಬೇರೊಂದು ಜನರದು. ತನ್ನನ್ನು ತಾನು ಏನೆಂದು ಕರೆದುಕೊಳ್ಳುತ್ತಿತ್ತೆಂಬುದೇ ಗೊತ್ತಿಲ್ಲದ ನಗರ!

ಅಂಥದ್ದೇನಾದರೂ ಉಂಟೆ ಎಂಬ ಪ್ರಶ್ನೆಗೆ ನನ್ನ ಬಾಯಿಂದ ತಾನಾಗಿ ಬಂದ ಹೆಸರು ಬಾರ್ಕೂರು. ಮಧ್ಯಾಹ್ನದ ಊಟವಾದ ಮೇಲೆ ಸ್ಕೂಟರಿನಲ್ಲಿ ಹೊರಟೆವು. ಅಳಿಯ ಅಮೆರಿಕದಲ್ಲಿಯೂ ಸೂರ್ಯಾಸ್ತದ ಬಳಿಕ ಉಣ್ಣುವುದಿಲ್ಲ. ಡಿಸೆಂಬರಿನ ಹಗಲು ಚಿಕ್ಕದು. ಆರು ಗಂಟೆಯ ಒಳಗೆ ಊಟಕ್ಕೆ ಮರಳಬೇಕೆಂದು ಮನೆಯಲ್ಲಿ ಹೇಳಿ ಕಳುಹಿಸಿದರು. ಹೀಗಾಗಿ ಇದು ಅರ್ಧ ದಿನದ ಯಾತ್ರೆ.

ಕೋಡಿಬೆಂಗ್ರೆಯಲ್ಲಿ ಸ್ಕೂಟರನ್ನು ಬಾರ್ಜಿಗೆ ಹತ್ತಿಸಿ ಅಳಿವೆ ದಾಟಿದೆವು. ರಸ್ತೆಯ ಮೇಲೆ ಸಂತೆಕಟ್ಟೆ, ಬ್ರಹ್ಮಾವರಗಳ ಮೂಲಕ ಹೋಗುವವರಿಗೆ ಬಾರ್ಕೂರು ಒಂದು ಹಳ್ಳಿಯಂತೆ ಎದುರಾಗುತ್ತದೆ. ಜಲಮಾರ್ಗದಲ್ಲಿ ಹೋದಾಗ ಅದು ಬಂದರಾಗಿದ್ದುದು ಏಕೆಂದು ಹೇಳದೆಯೇ ತಿಳಿಯುತ್ತದೆ. ಮರಳುದಿಣ್ಣೆಯ ಮರೆಯಲ್ಲಿ ಅಲೆಗಳು ತಣ್ಣಗಾಗಿ, ಎರಡು ನದಿಗಳ ನೀರು ಅಗಲವಾಗಿ ಹರಡಿಕೊಂಡಿರುತ್ತದೆ. ಕಡಲಿನಿಂದ ಬಂದ ಹಡಗು ಇಲ್ಲಿ ಗಾಳಿಯಿಂದ ತಪ್ಪಿಸಿಕೊಂಡು ನಿಲ್ಲಬಹುದು; ಸಣ್ಣ ದೋಣಿಗಳು ಸೀತಾನದಿಯ ಮೇಲೆ ಒಳನಾಡಿನವರೆಗೆ ಹೋಗಿ ಅಕ್ಕಿಯನ್ನೂ ಘಟ್ಟದ ಮೆಣಸನ್ನೂ ತರಬಹುದು.

14ನೆಯ ಶತಮಾನದ ನಲವತ್ತರ ದಶಕದಲ್ಲಿ ಮೊರೊಕ್ಕೋದ ಯಾತ್ರಿಕ ಇಬ್ನ್ ಬತೂತ ಈ ಅಳಿವೆಗೆ ಬಂದ. ಅವನ ಬರಹದ ಫಾಕನೂರು ನಮ್ಮ ಬಾರ್ಕೂರೆಂದು ವಿದ್ವಾಂಸರು ಗುರುತಿಸಿದ್ದಾರೆ. ಊರಿನಲ್ಲಿ ಕಬ್ಬು ಹೇರಳವೆಂದು ಅವನು ಬರೆಯುತ್ತಾನೆ. ಅಲ್ಲಿ ಮುಸಲ್ಮಾನರ ಒಂದು ಸಮುದಾಯವಿತ್ತು; ಅವರಿಗೆ ಖಾಜಿಯಿದ್ದ, ಮಸೀದಿಯಿತ್ತು. ದೊರೆಯನ್ನು ಅವನು ಬಾಸದೇವನೆಂಬಂತೆ ಹೆಸರಿಸುತ್ತಾನೆ. ವಾಸುದೇವನೆಂದು ನಾವು ಓದಿಕೊಳ್ಳಬಹುದು. ಆ ದೊರೆಗೆ ಸುಮಾರು ಮೂವತ್ತು ಯುದ್ಧನೌಕೆಗಳಿದ್ದವು. ಅವುಗಳ ನಾಯಕನೊಬ್ಬ ಮುಸಲ್ಮಾನ. ಆ ದಾರಿಯಲ್ಲಿ ಹೋಗುವ ಹಡಗು ಇಲ್ಲಿ ನಿಂತು ದೊರೆಗೆ ಕಾಣಿಕೆ ಸಲ್ಲಿಸಲೇಬೇಕಿತ್ತು. ಆ ಕಾಣಿಕೆಗೆ ಅವನು ಕೊಡುವ ಅರಬ್ಬಿ ಹೆಸರು ಹಕ್ಕ್-ಅಲ್-ಬಂದರ್. ಕನ್ನಡ ಬಲ್ಲವನಿಗೆ ಅನುವಾದವೇ ಬೇಡ: ಹಕ್ಕು, ಬಂದರು. ಬಾರ್ಜಿನ ಕಂಬಿ ಹಿಡಿದು ನಿಂತ ಅಳಿಯನಿಗೆ ಇದನ್ನು ಹೇಳಿದೆ. ಅವನು ಪಕ್ಕದಲ್ಲಿ ಬಲೆಯ ಮೂಟೆಯ ಮೇಲೆ ಕುಳಿತಿದ್ದ ಮುಸಲ್ಮಾನ ಹಿರಿಯರ ಕಡೆ ನೋಡಿದ. ಅವರು ನಮ್ಮ ಮಾತು ಕೇಳಿಸಿಕೊಂಡು, "ಈಗಲೂ ಟಿಕೇಟು ಉಂಟಲ್ಲ ಮಾಷ್ಟ್ರೆ" ಎಂದರು.

ಹಂಗಾರಕಟ್ಟೆಯಿಂದ ಬಾರ್ಕೂರು ಸೇರುವಷ್ಟರಲ್ಲಿ ಭಾಷೆ ಬದಲಾಗುತ್ತದೆ. ಹೊಳೆಯ ತೆಂಕಣ ದಡದ ತುಳು ಹಿಂದೆ ಉಳಿದು ಕುಂದಗನ್ನಡ ಎದುರುಗೊಳ್ಳುತ್ತದೆ. ತುಳುನಾಡಿನ ರಾಜಧಾನಿಯೆಂದು ಪುಸ್ತಕಗಳಲ್ಲಿ ಹೆಸರಾದ ಊರಿನ ಅಂಗಡಿ, ಅಂಗಳಗಳಲ್ಲಿ ಇಂದು ಕೇಳಿಬರುವುದು ಹೆಚ್ಚಾಗಿ ಈ ಕನ್ನಡ. ಸೀಮೆಯಲ್ಲಿ ನಿಂತ ಊರುಗಳ ಪಾಡೇ ಇದು: ಎರಡೂ ಕಡೆಯವರು ಅದನ್ನು ತಮ್ಮದೆಂದು ಹೇಳಬಹುದು, ಎರಡೂ ಕಡೆಯವರು ಬಿಟ್ಟುಬಿಡಲೂಬಹುದು.

ಹೆಸರಿನ ವಿಷಯ ಒಂದು ಮಾತು. ಬಾರಹಕನ್ಯಾಪುರವೆಂಬ ಸಂಸ್ಕೃತೀಕೃತ ರೂಪವನ್ನು ಹಿಡಿದು ಹನ್ನೆರಡು ಕನ್ಯೆಯರ ಕತೆಯನ್ನು ಊರಲ್ಲಿ ಹೇಳುತ್ತಾರೆ. ಪ್ರಾಕೃತ ಬಲ್ಲವರಿಗೆ ಇದು ಬೆರಗಿನ ಸಂಗತಿಯಲ್ಲ. ಅಲ್ಲಿ ಬಾರಹ ಎಂದರೆ ಹನ್ನೆರಡು. ದೇಸಿ ಹೆಸರೊಂದನ್ನು ಸಂಸ್ಕೃತಕ್ಕೆ ತಿರುಗಿಸಿದ ಶಾಸನಕವಿಗೆ ಪ್ರಾಕೃತವೂ ಕಿವಿಯಲ್ಲಿತ್ತೆಂದು ತೋರುತ್ತದೆ. ಕತೆ ಹೆಸರನ್ನು ಹುಟ್ಟಿಸಲಿಲ್ಲ. ಹೆಸರು ಕತೆಯನ್ನು ಹುಟ್ಟಿಸಿತು ಎಂದು ನಾನು ವಿದ್ಯಾರ್ಥಿಗಳಿಗೆ ಹೇಳುವುದುಂಟು.

ಮೊದಲು ಹೋದದ್ದು ಕೋಟೆಕೇರಿಯ ಪಂಚಲಿಂಗೇಶ್ವರ ದೇವಾಲಯಕ್ಕೆ. ಹಿಂಬದಿ ಆನೆಯ ಬೆನ್ನಿನಂತೆ ದುಂಡಗಿರುವ ಗಜಪೃಷ್ಠ ವಿನ್ಯಾಸದ ಗುಡಿ ಅದು. ಮಳೆನಾಡಿನ ವಾಸ್ತುವನ್ನು ಕುರಿತು ಓದುವವರು ತಪ್ಪದೆ ನೋಡಬೇಕಾದ ಕಟ್ಟಡ. ಪೂಜೆ ನಡೆಯುವ ಗುಡಿಯಾದ್ದರಿಂದ ಅಂಗಳ ಗುಡಿಸಿದೆ, ದೀಪವಿದೆ, ಹೂವಿನ ವಾಸನೆಯಿದೆ. ಅಲ್ಲಿಂದ ಹೊರಟು ಕೇರಿಯಿಂದ ಕೇರಿಗೆ ನಡೆದೆವು. ಕೋಟೆಕೇರಿ, ಮೂಡುಕೇರಿ, ಚೌಳಿಕೇರಿ, ಮಣಿಗಾರಕೇರಿ. ಇಂದು ಇವು ತೆಂಗಿನ ತೋಟಗಳ, ಗದ್ದೆಗಳ, ಕೆಂಪುಕಲ್ಲಿನ ಪಾಗಾರಗಳ ನಡುವಿನ ಹೆಸರುಗಳು. ಶಾಸನಗಳ ಕಾಲದಲ್ಲಿ ಇವು ವರ್ತಕರ ಕೇರಿಗಳು. ಅವುಗಳ ಸಂಘಟಿತ ಸಮೂಹವನ್ನು ತುಳುನಾಡಿನ ಶಾಸನಗಳು ಹಲರು ಎಂದು ಕರೆಯುತ್ತವೆ. ಎಂಥ ಸೊಗಸಾದ ಪಾರಿಭಾಷಿಕ ಪದ! ಬರಿಯ ಬಹುವಚನವೇ ಒಂದು ಸಂಸ್ಥೆಯಾಯಿತು. ಇದರ ಜೊತೆಗೇ ಬರುವ ಇನ್ನೊಂದು ಮಾತು ಹಂಜಮಾನ. ಇದು ಪಾರಸಿಯ ಅಂಜುಮನ್ ಎಂಬ ಶಬ್ದದ ಕನ್ನಡ ರೂಪ. ಕಡಲಾಚೆಯಿಂದ ಬಂದ ವರ್ತಕರ ಸಂಘ. ಇಬ್ನ್ ಬತೂತ ಕಂಡ ಸಮುದಾಯವನ್ನು ಊರಿನ ಕಡೆಯಿಂದ ನೋಡಿದರೆ ಕಾಣುವುದು ಈ ಶಬ್ದ. ಯಾತ್ರಿಕ ಮೂರು ದಿನವಿದ್ದು ಹೋದ. ಶಬ್ದ ಇಲ್ಲಿಯೇ ಉಳಿದು ಕನ್ನಡವಾಯಿತು.

ಬಾರ್ಕೂರಿಗೆ ತನ್ನದೇ ಗದ್ಯಾಣವಿತ್ತು. ದಾನಶಾಸನಗಳು ಹಣದ ಲೆಕ್ಕ ಹೇಳುವಾಗ ಬಾರಕೂರ ಗದ್ಯಾಣ ಎಂದು ಬಿಡಿಸಿ ಹೇಳುತ್ತವೆ. ಒಂದು ಊರಿನ ಹೆಸರಿನಲ್ಲಿ ನಾಣ್ಯ ನಡೆಯುತ್ತದೆಂದರೆ ದೂರದವರೂ ಆ ಊರನ್ನು ನಂಬಿದ್ದರೆಂದು ಅರ್ಥ. 14ನೆಯ ಶತಮಾನದ ಮೊದಲ ಅರ್ಧದಲ್ಲಿ ಹೊಯ್ಸಳ ಮೂರನೆಯ ಬಲ್ಲಾಳನ ಪಟ್ಟದರಸಿ, ಆಳುಪ ಮನೆತನದ ಚಿಕ್ಕಾಯಿತಾಯಿ, ಈ ನಾಡನ್ನು ಆಳಿದಳು. ಬಳಿಕ ವಿಜಯನಗರದವರು ತುಳುನಾಡನ್ನು ಬಾರಕೂರು, ಮಂಗಳೂರು ಎಂಬ ಎರಡು ರಾಜ್ಯಗಳಾಗಿ ಮಾಡಿ ಅಧಿಕಾರಿಗಳನ್ನು ಕಳುಹಿಸಿದರು. ಮುಂದೆ ರಾಜಧಾನಿಗಳು ಬೇರೆಯಾದವು, ವ್ಯಾಪಾರ ಬೇರೆ ರೇವುಗಳಿಗೆ ಹರಿಯಿತು. ಊರು ಒಂದು ದಿನದಲ್ಲಿ ಹಾಳಾದಂತೆ ಕಾಣುವುದಿಲ್ಲ. ಯಾರಿಗೂ ಬೇಡವಾಗುತ್ತ ಬಂದಂತೆ ಕಾಣುತ್ತದೆ.

ಇದನ್ನೆಲ್ಲ ನಾನು ಹೊಸತಾಗಿ ಕಂಡುಹಿಡಿದದ್ದಲ್ಲ. ಕಲ್ಯಾಣಪುರದ ಮಿಲಾಗ್ರಿಸ್ ಕಾಲೇಜಿನ ಪ್ರಾಂಶುಪಾಲರಾಗಿದ್ದ ಪಾದೂರು ಗುರುರಾಜ ಭಟ್ಟರು ಗುಡಿಗುಡಿಗೆ ನಡೆದು, ಅಳೆದು, ಚಿತ್ರ ತೆಗೆದು 1975ರಲ್ಲಿ ತುಳುವ ಇತಿಹಾಸ ಮತ್ತು ಸಂಸ್ಕೃತಿಯ ಬೃಹದ್ಗ್ರಂಥವನ್ನು ಪ್ರಕಟಿಸಿದರು. ಅದಕ್ಕೆ ಐದು ವರ್ಷ ಮೊದಲು ಕೆ. ವಿ. ರಮೇಶರು ಶಾಸನಗಳನ್ನು ಆಧರಿಸಿ ದಕ್ಷಿಣ ಕನ್ನಡದ ಇತಿಹಾಸ ಬರೆದಿದ್ದರು. ಇಬ್ಬರ ಪುಸ್ತಕಗಳೂ ನನ್ನ ಮೇಜಿನ ಮೇಲೆ ಮೂವತ್ತು ವರ್ಷಗಳಿಂದ ಇವೆ. ಅವರು ಕಾಲಲ್ಲಿ ನಡೆದದ್ದನ್ನು ನಾನು ಕಣ್ಣಲ್ಲಿ ನಡೆದಿದ್ದೆ, ಅಷ್ಟೆ.

ಕತ್ತಲೆ ಬಸದಿಗೆ ಬಂದಾಗ ನಾಲ್ಕು ಗಂಟೆ ದಾಟಿತ್ತು. ಆವರಣದಲ್ಲಿ ಜಿನಾಲಯವೊಂದೇ ಇಲ್ಲ. ಶೈವ, ವೈಷ್ಣವ ಗುಡಿಗಳೂ ಇವೆ. ಮಳೆಗೆ ಇಳಿಜಾರಾದ ಕಲ್ಲಿನ ಹಾಸುಮಾಡು, ಗಿಡ್ಡ ಕಂಬಗಳು, ಒಳಗೆ ಹೆಸರಿಗೆ ತಕ್ಕ ಕತ್ತಲೆ. ಪಕ್ಕದ ತೋಟದಲ್ಲಿ ತೆಂಗಿನ ಗರಿ ಎಳೆಯುತ್ತಿದ್ದ ಹಿರಿಯ ಹೆಂಗಸೊಬ್ಬರು ನಮ್ಮನ್ನು ನೋಡಿ, "ಒಳ್ಗೆ ಕತ್ಲಿ ಇತ್ತ್, ಕಂಡ್ಕಂಡ್ ಹೋಯ್ನಿ" ಎಂದರು. ಬಳಿಕ ಏನೋ ನೆನಪಾದಂತೆ, "ಬಸ್ದಿ ನಿಮ್ಮವ್ರದ್ದಾ?" ಎಂದು ಕೇಳಿದರು.

ಸರಳ ಪ್ರಶ್ನೆ. ನಾನು ಜೈನ, ಇದು ಬಸದಿ, ಹೌದೆನ್ನಬಹುದಿತ್ತು. ಆದರೆ ಹತ್ತು ಮೈಲಿಯ ಒಳಗೆ ಇಪ್ಪತ್ತೆರಡು ವರ್ಷ ಇದ್ದೂ ಇದರ ಹೊಸ್ತಿಲು ತುಳಿಯದವನು ಯಾವ ಬಾಯಲ್ಲಿ ನಮ್ಮದೆನ್ನುವುದು? "ಹಿಂದೆ ಇತ್ತಮ್ಮ" ಎಂದೆ. ಅವರಿಗೆ ಆ ಉತ್ತರ ಸಾಕಾಗಲಿಲ್ಲವೆಂದು ಮುಖ ಹೇಳುತ್ತಿತ್ತು. ಗರಿ ಎಳೆಯುವುದನ್ನು ಮುಂದುವರಿಸಿದರು.

ಬಾಗಿಲಲ್ಲಿ ನನಗರಿವಿಲ್ಲದೆ ಚಪ್ಪಲಿ ಬಿಟ್ಟಿದ್ದೆ. ಅಳಿಯನೂ ಬಿಟ್ಟ. ಗರ್ಭಗುಡಿಯಲ್ಲಿ ಬಿಂಬವಿಲ್ಲ. ಖಾಲಿ ಜಾಗದ ಮುಂದೆ ಇಬ್ಬರೂ ಕೈಮುಗಿದು ನಿಂತೆವು. ಸ್ವಲ್ಪ ಹೊತ್ತಿನ ಮೇಲೆ ಅವನು ಮೆಲ್ಲಗೆ ಒಂದು ಸಂಗತಿ ಹೇಳಿದ. 1904ರಲ್ಲಿ ಸೇಂಟ್ ಲೂಯಿಸಿನಲ್ಲಿ ವಿಶ್ವಮೇಳ ನಡೆದಾಗ ಪಾಲಿತಾಣದ ಜಿನಾಲಯದ ಮಾದರಿಯಲ್ಲಿ ಕೆತ್ತಿದ ಮರದ ಗುಡಿಯೊಂದನ್ನು ಭಾರತದಿಂದ ತಂದು ನಿಲ್ಲಿಸಿದ್ದರಂತೆ. ಮೇಳ ಮುಗಿದ ಮೇಲೆ ಅದು ಲಾಸ್ ವೇಗಸ್ಸಿನ ಹೋಟೆಲೊಂದರ ಅಲಂಕಾರವಾಯಿತು. ಕೊನೆಗೆ ಕ್ಯಾಲಿಫೋರ್ನಿಯದ ಜೈನರು ಅದನ್ನು ಪಡೆದು ತಮ್ಮ ಕೇಂದ್ರದಲ್ಲಿ ಕಾಪಾಡಿದರು. "ಅದು ಊರೂರು ತಿರುಗಿ ಕೊನೆಗೆ ನಮ್ಮವರ ಕೈಗೆ ಸಿಕ್ಕಿತು ಮಾವ. ಇದು ಇದ್ದಲ್ಲೇ ಇದೆ, ಆದರೆ ಕೈತಪ್ಪಿದೆ" ಎಂದ. ನಾನು ಉತ್ತರಿಸಲಿಲ್ಲ.

ಹೊರಗೆ ಬಂದು ಕಲ್ಲಿನ ಜಗಲಿಯ ಮೇಲೆ ಕುಳಿತೆವು. ಇಷ್ಟು ಹೊತ್ತೂ ನನ್ನ ನಾಲಿಗೆಯ ತುದಿಯಲ್ಲಿದ್ದು ಹೇಳಲಾಗದೆ ಉಳಿದಿದ್ದ ಕತೆಯನ್ನು ಅಲ್ಲಿ ಹೇಳಿದೆ. ತುಳುನಾಡಿನವರಿಗೆ ಅದು ಗೊತ್ತಿರುವುದೇ. ದೇವಪಾಂಡ್ಯನೆಂಬ ಅರಸ ಹಡಗು ಕಟ್ಟಿಸಿ ನೀರಿಗಿಳಿಸಲು ಹೊರಡುತ್ತಾನೆ. ಕುಂಡೋದರನೆಂಬ ಭೂತ ತಡೆದು ನರಬಲಿ ಕೇಳುತ್ತದೆ. ಅರಸನ ಹೆಂಡತಿ ತನ್ನ ಮಕ್ಕಳನ್ನು ಕೊಡಲು ಒಪ್ಪುವುದಿಲ್ಲ. ತಂಗಿ ಸತ್ಯವತಿ ತನ್ನ ಮಗ ಜಯಪಾಂಡ್ಯನನ್ನು ಕರೆತಂದು ಒಪ್ಪಿಸುತ್ತಾಳೆ. ಮೆಚ್ಚಿದ ಭೂತ ಬಾಲಕನನ್ನು ಬಿಟ್ಟು, ಭೂತಾಳಪಾಂಡ್ಯನೆಂಬ ಹೆಸರಿಟ್ಟು, ಇನ್ನು ಮುಂದೆ ಆಸ್ತಿ ಮಗನಿಗಲ್ಲ, ಸೋದರಳಿಯನಿಗೆ ಎಂದು ಕಟ್ಟು ಮಾಡುತ್ತದೆ. ಭೂತಾಳಪಾಂಡ್ಯ ಆಳಿದ ಊರು ಬಾರ್ಕೂರು. ಬಂಟರು, ಬಿಲ್ಲವರು ಮುಂತಾದ ಸಮುದಾಯಗಳ ಜೊತೆಗೆ ತುಳುನಾಡಿನ ಜೈನರ ಮನೆಗಳಲ್ಲಿಯೂ ನಡೆದುಬಂದ ಅಳಿಯಸಂತಾನದ ಮೂಲಕಥೆ ಇದು. ನಮ್ಮ ಅಜ್ಜಿ ಇದನ್ನು ಹೇಳುವಾಗ ಸತ್ಯವತಿಯ ಭಾಗ ಬಂದರೆ ದನಿ ತಗ್ಗಿಸುತ್ತಿದ್ದರು.

ನಮ್ಮ ಕುಟುಂಬದ ಮನೆಯ ಪೆಟ್ಟಿಗೆಯಲ್ಲಿ ಭೂತಾಳಪಾಂಡ್ಯನ ಅಳಿಯಸಂತಾನದ ಕಟ್ಟಿನ ಒಂದು ಕೈಬರಹದ ಪ್ರತಿಯಿದೆ. ಪಿಎಚ್.ಡಿ. ಮುಗಿಸಿ ಬಂದ ಹೊಸತರಲ್ಲಿ ಅಕ್ಕ ಅದನ್ನು ಹೊರತೆಗೆದು ನನ್ನ ಮುಂದಿಟ್ಟಳು. ತಮ್ಮ ಕಲಿತವನು, ಓದಿ ಅರ್ಥ ಹೇಳಲಿ ಎಂಬ ಆಸೆ ಅವಳದು. ನಾನು ಎರಡು ಹಾಳೆ ತಿರುವಿ, ಇದು ಕೂಟಗ್ರಂಥ ಎಂದೆ. ಕ್ರಿಸ್ತಶಕದ 1ನೆಯ ಶತಮಾನಕ್ಕೆ ಕೊಂಡೊಯ್ಯುವ ಇದರ ಕಾಲ ನಂಬತಕ್ಕದ್ದಲ್ಲ. ತುಳುವರ ಭೂತಾರಾಧನೆಯನ್ನು ಅಭ್ಯಾಸ ಮಾಡಿದ ಬರ್ನೆಲ್ ಸಾಹೇಬನೇ ಇದನ್ನು ಕೃತಕವೆಂದಿದ್ದಾನೆ. ಮದರಾಸು ಆಳ್ವಿಕೆಯ ನ್ಯಾಯಾಲಯಗಳು ಇದನ್ನು ಪ್ರಮಾಣವೆಂದು ಹಿಡಿದದ್ದೇ ತಪ್ಪು. ಆಳುಪ ಗುಣಸಾಗರನ ಬಳಿಕ ಬಂದವನು ಅವನ ಮಗ ಚಿತ್ರವಾಹನ, ಅಳಿಯನಲ್ಲ ಎಂದು ಒಂದೇ ಉಸಿರಿಗೆ ಹೇಳಿದೆ. ನಾನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅಕ್ಕ ಹಾಳೆಗಳನ್ನು ಜೋಡಿಸಿ ಕಟ್ಟುತ್ತ ಕೇಳಿದಳು: "ಹಾಗಾದರೆ ಅಜ್ಜಿ ಹೇಳಿದ್ದು ಸುಳ್ಳೇ? ಈ ಮನೆ ನಮಗೆ ಯಾರು ಕೊಟ್ಟದ್ದು?"

ಆಗ ನಾನು ನಕ್ಕೆ. ಅವಳು ಆ ಕಟ್ಟನ್ನು ಮತ್ತೆ ನನ್ನ ಮುಂದೆ ಬಿಚ್ಚಲಿಲ್ಲ.

ಉತ್ತರ ಅಂದೇ ಇತ್ತು. ಹುಡುಕುವ ಮನಸ್ಸು ನನಗಿರಲಿಲ್ಲ. ಬರಹ ಕೃತಕವಾದ ಮಾತ್ರಕ್ಕೆ ಬಾಳು ಕೃತಕವಾಗುವುದಿಲ್ಲ. ಕಾರ್ಕಳದ ಭೈರರಸರು, ಮೂಡುಬಿದಿರೆಯ ಚೌಟರು, ವೇಣೂರಿನ ಅಜಿಲರು, ಬಂಗಾಡಿಯ ಬಂಗರು ಈ ಜೈನ ಅರಸುಮನೆತನಗಳೆಲ್ಲ ಈ ಕ್ರಮದಲ್ಲಿಯೇ ಬಾಳಿದವು. ಉಳ್ಳಾಲದ ಅಬ್ಬಕ್ಕನಂಥ ರಾಣಿಯರು ತಮ್ಮ ಹಕ್ಕಿನಿಂದಲೇ ಗದ್ದುಗೆಯೇರಿದ್ದು ಈ ಕ್ರಮದ ನೆರಳಿನಲ್ಲಿ. ಕತೆಯಲ್ಲಿಯೂ ನಾನು ಕಾಣದೆ ಬಿಟ್ಟದ್ದೊಂದಿತ್ತು. ಅದು ಅರಮನೆಯಲ್ಲಿ ಆರಂಭವಾಗುವುದಿಲ್ಲ, ರೇವಿನಲ್ಲಿ ಆರಂಭವಾಗುತ್ತದೆ. ನೀರಿಗಿಳಿಯದ ಹಡಗು, ಬಂದರದಲ್ಲಿ ಸಲ್ಲಿಸಲೇಬೇಕಾದ ಕಾಣಿಕೆ, ಅದನ್ನು ಕೊಡುವವರು ಯಾರೆಂಬ ತಕರಾರು. ಬಾರ್ಕೂರು ಒಂದು ಕಾಲಕ್ಕೆ ಕಡಲಿನ ನಗರವಾಗಿತ್ತೆಂಬುದನ್ನು ಮರೆತ ಮೇಲೂ ಆ ನೆನಪನ್ನು ಹೆಂಗಸರು ಮಕ್ಕಳಿಗೆ ಹೇಳುವ ಕತೆಯೊಳಗೆ ಇಟ್ಟುಕೊಂಡು ಬಂದರು. ಮಧ್ಯಾಹ್ನ ಅಳಿವೆ ದಾಟದೆ ಹೋಗಿದ್ದರೆ ನನಗೆ ಇದು ಹೊಳೆಯುತ್ತಿರಲಿಲ್ಲ.

ಕನ್ನಡದಲ್ಲಿ ಕಟ್ಟು ಎಂಬ ಒಂದೇ ಧಾತುವಿನಿಂದ ಕಟ್ಟಡವೂ ಹುಟ್ಟುತ್ತದೆ, ಕಟ್ಟಳೆಯೂ ಹುಟ್ಟುತ್ತದೆ. ನಾವು ಹಳೆಯ ನಗರಗಳಲ್ಲಿ ಕಟ್ಟಡಗಳನ್ನು ಹುಡುಕುತ್ತೇವೆ. ಅವು ಎತ್ತರವಿದ್ದರೆ ಊರು ದೊಡ್ಡದು, ಬಿದ್ದಿದ್ದರೆ ಊರು ಹಾಳು. ಬಾರ್ಕೂರಿನ ಹಿರಿಮೆ ಹೆಚ್ಚಾಗಿ ಅದರ ಕಟ್ಟಳೆಗಳಲ್ಲಿತ್ತು: ಕೇರಿಗಳ ಹಲರು, ಪರದೇಶಿಗಳ ಹಂಜಮಾನ, ಬಂದರದ ಹಕ್ಕು, ಊರ ಹೆಸರಿನ ಗದ್ಯಾಣ, ಒಂದೇ ಆವರಣದಲ್ಲಿ ಜಿನನೂ ಶಿವನೂ ವಿಷ್ಣುವೂ ನೆರೆಯವರಾಗಿರುವ ಒಪ್ಪಂದ, ಮನೆ ಹೆಣ್ಣಿನ ಸಂತತಿಯಲ್ಲಿ ಸಾಗಬೇಕೆಂಬ ನೇಮ. ಇವು ಒಬ್ಬ ರಾಜನ, ಒಂದು ಮತದ ಸ್ವತ್ತಲ್ಲ. ಆದ್ದರಿಂದಲೇ ಇಂದು ಇದಕ್ಕಾಗಿ ಹೋರಾಡುವವರಿಲ್ಲ, ಹೊಗಳುವವರೂ ಇಲ್ಲ. ಜೈನನಾದ ನಾನು ಬಾಹುಬಲಿಯಿರುವ ಊರಿಗೆ ಹೋದೆ. ಉಳಿದವರು ತಮ್ಮ ತಮ್ಮ ಊರಿಗೆ ಹೋದರು.

"ನಿಮ್ಮ ಕಹೋಕಿಯಾದವರಿಗೆ ತಮ್ಮ ಊರಿನ ಹೆಸರನ್ನೂ ಉಳಿಸಿಕೊಳ್ಳಲಾಗಲಿಲ್ಲ. ಇದು ತನ್ನ ಹೆಸರನ್ನು ತಾನೇ ಕಲ್ಲಿನ ಮೇಲೆ ಬರೆದಿಟ್ಟಿದೆ, ಕನ್ನಡದಲ್ಲಿ. ಓದಲು ಬಲ್ಲವರು ಹೊಳೆಯಾಚೆ ಸಂಬಳ ತೆಗೆದುಕೊಂಡು ಕುಳಿತಿದ್ದಾರೆ" ಎಂದು ಅಳಿಯನಿಗೆ ಹೇಳಿದೆ. ಅವನು ಗಡಿಯಾರ ನೋಡಿದ. ಐದು ಗಂಟೆ. ಎದ್ದೆವು. ತೋಟದ ಹೆಂಗಸು ಗರಿಗಳ ಹೊರೆ ಕಟ್ಟಿ ಮನೆಗೆ ಹೊರಟಿದ್ದರು. "ಇನ್ನೊಂದ್ ಸಲ ಬನ್ನಿ, ದೀಪ ತನ್ನಿ" ಎಂದರು. ಅವರು ಹೇಳಿದ್ದು ಒಳಗಿನ ಕತ್ತಲೆಯನ್ನು ನೋಡಲು ಬೆಳಕು ತನ್ನಿ ಎಂದೋ, ಬಸದಿಯಲ್ಲಿ ದೀಪ ಹಚ್ಚಿ ಎಂದೋ ನನಗೆ ತಿಳಿಯಲಿಲ್ಲ.

ಮರಳುವಾಗ ಬಾರ್ಜಿನಲ್ಲಿ ಗಾಳಿ ತಂಪಾಗಿತ್ತು. ಸೂರ್ಯ ಕಡಲಿನ ಅಂಚಿಗೆ ಬರುವ ಮೊದಲೇ ಹೂಡೆ ತಲುಪಿ ಉಂಡೆವು.

ಎರಡು ದಿನಗಳ ಬಳಿಕ ಪಾಲಿನ ಕಾಗದಗಳನ್ನು ಸರಿಪಡಿಸಲು ಕುಳಿತಾಗ ಅಜ್ಜಿಯ ಕಾಲದ ವಿಭಾಗಪತ್ರ ಸಿಕ್ಕಿತು. 1949ರ ಮದರಾಸು ಅಳಿಯಸಂತಾನ ಕಾಯಿದೆ ಕುಟುಂಬಗಳನ್ನು ಪಾಲು ಮಾಡಿಕೊಳ್ಳಲು ಬಿಟ್ಟ ಹೊಸತರಲ್ಲಿ ಬರೆದದ್ದು. ಅದರಲ್ಲಿ ವಂಶವೃಕ್ಷ ಹೆಂಗಸರ ಹೆಸರುಗಳಿಂದ ಇಳಿಯುತ್ತದೆ. ಒಬ್ಬೊಬ್ಬ ತಾಯಿಯದೂ ಒಂದೊಂದು ಕವರು. ಹೆಣ್ಣುಮಕ್ಕಳಿರುವುದು ಸಂತತಿ ಕವರು, ಇಲ್ಲದ್ದು ನಿಸ್ಸಂತತಿ ಕವರು. ಎರಡು ಮಕ್ಕಳ ತಂದೆಯಾದ ನಾನು ಆ ಕಾಯಿದೆಯ ಭಾಷೆಯಲ್ಲಿ ನಿಸ್ಸಂತತಿ! ಅಳಿಯ ಆ ಶಬ್ದವನ್ನು ಎರಡು ಸಲ ಓದಿಸಿಕೊಂಡು, "ನಾನೂ ಹಾಗಾದರೆ" ಎಂದ. ಹೌದು, ಅಕ್ಕನಿಗೆ ಹೆಣ್ಣುಮಕ್ಕಳಿರಲಿಲ್ಲ. ಆ ಮರದ ನಮ್ಮ ಕೊಂಬೆ ಅವಳಲ್ಲಿಗೆ ನಿಂತಿತು. 1956ರ ಉತ್ತರಾಧಿಕಾರ ಕಾಯಿದೆಯ ಬಳಿಕ ಲೆಕ್ಕವೇ ಬೇರೆಯಾದ್ದರಿಂದ ನಮ್ಮ ದಸ್ತಾವೇಜಿಗೆ ಇದರಿಂದ ಬಾಧಕವಿರಲಿಲ್ಲ. ನೋಂದಣಿ ಕಚೇರಿಯಲ್ಲಿ ಅರ್ಧ ಗಂಟೆಯ ಕೆಲಸ. ಸಹಿ ಹಾಕಿದೆವು.

ಪೆಟ್ಟಿಗೆಯಲ್ಲಿದ್ದ ಕಟ್ಟಿನ ಪ್ರತಿಯನ್ನು ನಾನು ಹೂಡೆಗೆ ತಂದಿದ್ದೇನೆ. ಅದನ್ನು ಯಾರು ಬರೆದರು, ಯಾವ ಮೂಲದಿಂದ ನಕಲು ಮಾಡಿದರು, ಎಲ್ಲೆಲ್ಲಿ ನಮ್ಮ ಮನೆಯ ಬಳಕೆಗೆ ತಕ್ಕಂತೆ ಮಾತು ಬದಲಿಸಿದರು ಎಂಬುದನ್ನು ಒಂದೊಂದೇ ಹಾಳೆಯಾಗಿ ಓದುತ್ತಿದ್ದೇನೆ. ಕೂಟಗ್ರಂಥವನ್ನೂ ಯಾರೋ ಒಬ್ಬರು ದೀಪದ ಬೆಳಕಿನಲ್ಲಿ ಕುಳಿತು ಇಷ್ಟು ಮುತುವರ್ಜಿಯಿಂದ ಬರೆದುಕೊಂಡಿದ್ದರೆ ಅವರಿಗೆ ಅದರಿಂದ ಏನು ಬೇಕಿತ್ತೆಂದು ಕೇಳುವುದು ಸಂಶೋಧಕನ ಕೆಲಸವೇ. ಈ ವರ್ಷದ ಎಂ.ಎ. ವಿದ್ಯಾರ್ಥಿಗಳ ಅಧ್ಯಯನ ಪ್ರವಾಸವನ್ನು ಬಾರ್ಕೂರಿಗೆ ಬದಲಿಸಿದ್ದೇನೆ. ಕೋಡಿಬೆಂಗ್ರೆಯಿಂದ ಬಾರ್ಜಿನಲ್ಲಿ ಹೋಗುತ್ತೇವೆ. ಜೊತೆಗೆ ಎಣ್ಣೆ, ಬತ್ತಿ, ಒಂದು ಟಾರ್ಚು. ಆ ಹಿರಿಯ ಹೆಂಗಸು ಹೇಳಿದ್ದು ಯಾವ ದೀಪವೆಂದು ಅಲ್ಲಿ ಕೇಳಿಕೊಂಡರಾಯಿತು.